ಕಾಸಿನ ಸರ ಕರಗುವ ಮುನ್ನ



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಒಡವೆಯ ಗಂಟು ಬಿಚ್ಚುವುದು ಮುಖ್ಯವಾಗಿ ಎರಡು ಸಂದರ್ಭಕ್ಕೆ. ಒಂದು ಮದುವೆ, ಇನ್ನೊಂದು ಮುಂಗಾರು. ಶೇಂಗಾ ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಬೇಕಾದಾಗ ಸರ ಬ್ಯಾಂಕಿಗೆ ಹೋಗುತ್ತದೆ. ಮಳೆ ಹಿಡಿದರೆ ಕಾಯಿ ಮಾರಿದ ಮೇಲೆ ಮನೆಗೆ ಬರುತ್ತದೆ. ನಮ್ಮದು ಮಳೆಯನ್ನು ನಂಬಿ ಕೂರುವಂಥ ಸೀಮೆ ಅಲ್ಲ. ಎರಡು ವರ್ಷ ಸಾಲಾಗಿ ಕೈಕೊಟ್ಟರೆ ಬಡ್ಡಿ ಬೆಳೆದು, ಸರ ಒಂದು ದಿನ ಅಂಗಡಿಯ ಮೂಸೆಗೆ ಬೀಳುತ್ತದೆ. ಹಾಗೆ ಬೀಳುವವುಗಳಲ್ಲಿ ಕಾಸಿನ ಸರವೂ ಇರುತ್ತದೆ. ರಾಯದುರ್ಗ, ಕಲ್ಯಾಣದುರ್ಗದ ಕಡೆಯಿಂದ ಸೊಸೆಯಾಗಿ ಬಂದವರು ಅದನ್ನೇ ಕಾಸುಲ ಪೇರು ಅನ್ನುತ್ತಾರೆ. ಮಾರಬೇಡಿ ಎಂದು ನಾನು ಹೇಳಲಾರೆ. ಕಷ್ಟಕ್ಕೆ ಆಗಲಿ ಎಂದೇ ಹಿರಿಯರು ಅದನ್ನು ಮಾಡಿಸಿದ್ದು. ಮಾರುವ ಮುನ್ನ ಒಂದೊಂದು ಕಾಸನ್ನೂ ಬೆಳಕಿಗೆ ಹಿಡಿದು ಎರಡೂ ಮುಖ ಓದಿ, ಬೆಲೆ ಆಮೇಲೆ ಕೇಳಿ ಅನ್ನುವುದಷ್ಟೇ ಇವತ್ತಿನ ಮಾತು.

ಮೊಳಕಾಲ್ಮೂರಿನ ಮಗ್ಗದ ಮನೆಯೊಂದರಲ್ಲಿ ನೋಡಿದ ಸರದ ವಿಚಾರ ಹೇಳುತ್ತೇನೆ. ಒಟ್ಟು ಹದಿನೇಳು ಬಿಲ್ಲೆ. ಹನ್ನೆರಡರ ಮೇಲೆ ಲಕ್ಷ್ಮಿ. ತೆಳು ತಗಡು, ಹಿಂಬದಿ ತಗ್ಗು, ಅಂಚಿನಲ್ಲಿ ಗೆರೆಗಳಿಲ್ಲ. ಇವು ನಾಣ್ಯವಲ್ಲ, ಅಕ್ಕಸಾಲಿ ಅಚ್ಚಿನ ಮೇಲಿಟ್ಟು ಹೊಡೆದ ಕಾಸು. ನಮ್ಮ ಕಡೆಯ ಕಾಸಿನ ಸರಗಳಲ್ಲಿ ಬಹುಪಾಲು ಇಂಥವೇ. ಚಿನ್ನಕ್ಕೆಷ್ಟು ಬೆಲೆಯೋ ಅಷ್ಟೇ ಅದರ ಬೆಲೆ. ನಾಲ್ಕರ ಮೇಲೆ ರಾಜ ರಾಣಿಯರ ತಲೆ. ಉಳಿದದ್ದು ಪದಕದ ಪಕ್ಕದ ಒಂದು ಪುಟ್ಟ ಬಿಲ್ಲೆ. ಗುಂಡಗೆ, ಗಿಡ್ಡಗೆ, ದಪ್ಪ. ಉಳಿದವುಗಳ ಅರ್ಧದಷ್ಟೂ ಅಗಲವಿಲ್ಲ. ಮನೆಯವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಯಾವಾಗಲೋ ಒಂದು ಕಾಸು ಬಿದ್ದುಹೋದಾಗ ಜಾಗ ತುಂಬಲು ಹಾಕಿಸಿದ್ದಂತೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ, ಮೊದಲು ತಲೆಗಳನ್ನು ಮುಗಿಸೋಣ.

ತಲೆಯಿರುವ ಕಾಸು ಸಾಮಾನ್ಯವಾಗಿ ಇಂಗ್ಲೆಂಡಿನ ಸವರನ್. ನಮ್ಮ ಬಾಯಲ್ಲಿ ಅದು ಪವನು. ಈಗ ಅಂಗಡಿಯಲ್ಲಿ ಪವನು ಅಂದರೆ ಎಂಟು ಗ್ರಾಂ ಎಂಬ ಲೆಕ್ಕ ಹುಟ್ಟಿದ್ದೇ ಇದರಿಂದ. ನಿಜವಾದ ತೂಕ 7.988 ಗ್ರಾಂ, 22 ಕ್ಯಾರೆಟ್, ಅದರೊಳಗಿನ ಶುದ್ಧ ಚಿನ್ನ 7.32 ಗ್ರಾಂ. ಅಗಲ 22 ಮಿಲಿಮೀಟರು, ಅಂದರೆ 2011ರಿಂದ ಬಂದಿರುವ ಒಂದು ರೂಪಾಯಿ ನಾಣ್ಯದಷ್ಟೇ. ಪಕ್ಕದಲ್ಲಿಟ್ಟು ನೋಡಿ. ಅಗಲ ಒಂದೇ, ತೂಕ ಎರಡರಷ್ಟಕ್ಕೂ ಮೇಲೆ. ಬೆಲೆ ಎಷ್ಟು ಎಂದು ಬರೆದಿರುತ್ತದೆಯೇ ಎಂದು ಜನ ಹುಡುಕುತ್ತಾರೆ. ಸವರನ್ ಮೇಲೆ ಬೆಲೆ ಬರೆಯುವ ರೂಢಿಯೇ ಇಲ್ಲ. 1899ರಲ್ಲಿ ಸರ್ಕಾರ ಅದನ್ನು 15 ರೂಪಾಯಿ ಲೆಕ್ಕದಲ್ಲಿ ಇಲ್ಲಿಯೂ ಚಲಾವಣೆಗೆ ತಂದಿತು. ಅಲ್ಲಿಂದ ಮೊದಲ ಮಹಾಯುದ್ಧದವರೆಗೆ ಬಂದ ಸವರನ್‌ಗಳಲ್ಲಿ ಎಷ್ಟೋ ನೇರವಾಗಿ ಆಚಾರಿಯ ಕೈ ಸೇರಿ ಕೊಂಡಿ ಹಾಕಿಸಿಕೊಂಡವು.

ವಿಕ್ಟೋರಿಯಾ ರಾಣಿ ಮೂರು ವಯಸ್ಸಿನಲ್ಲಿ ಸಿಗುತ್ತಾಳೆ. 1838ರಿಂದ 1887ರವರೆಗಿನದರಲ್ಲಿ ತಲೆಗೂದಲನ್ನು ಹಿಂದಕ್ಕೆ ಕಟ್ಟಿದ ಹುಡುಗಿ. 1887ರಿಂದ 1893ರವರೆಗೆ ಪುಟ್ಟ ಕಿರೀಟ ಇಟ್ಟ ನಡುವಯಸ್ಸಿನವಳು. ಆಮೇಲೆ ಸೆರಗು ಹೊದ್ದ ಮುದುಕಿ. 1902ರಿಂದ ಬೋಳುತಲೆಯ ಗಡ್ಡದ ಎಡ್ವರ್ಡ್, 1911ರಿಂದ ಐದನೆಯ ಜಾರ್ಜ್. ನಾಣ್ಯದ ಬೆನ್ನಿನ ಮೇಲೆ ಕುದುರೆಯೇರಿ ಘಟಸರ್ಪವನ್ನು ಇರಿಯುವ ಸಂತ ಜಾರ್ಜ್. ಕೆತ್ತಿದವನು ಪಿಸ್ಟ್ರುಚಿ ಎಂಬ ಇಟಲಿಯವನು. ಹಳೆಯ ವಿಕ್ಟೋರಿಯಾ ಸವರನ್‌ಗಳಲ್ಲಿ ಕುದುರೆಯ ಬದಲು ಗುರಾಣಿ ಇರುವುದೂ ಉಂಟು. ಕುದುರೆ ನಿಂತ ನೆಲದ ಗೆರೆಯ ಮೇಲೆ, ಇಸವಿಯ ನೆತ್ತಿಯಲ್ಲಿ, ಭೂತಗನ್ನಡಿ ಹಿಡಿದರೆ ಒಂದು ಸಣ್ಣ ಅಕ್ಷರ ಕಾಣಬಹುದು. ಎಸ್ ಇದ್ದರೆ ಸಿಡ್ನಿ, ಎಂ ಇದ್ದರೆ ಮೆಲ್ಬರ್ನ್, ಪಿ ಇದ್ದರೆ ಪರ್ತ್, ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಲಂಡನ್. 1918ರದ್ದಾಗಿ ಐ ಅಕ್ಷರವಿದ್ದರೆ ಅದು ಮುಂಬೈಯಲ್ಲಿ ಅಚ್ಚಾದದ್ದು. ಇಂಡಿಯಾದಲ್ಲಿ ಸವರನ್ ಟಂಕಿಸಿದ್ದು ಆಗ ಆ ಒಂದೇ ವರ್ಷ. ಹಾಗೆಂದು ಹಿಗ್ಗಬೇಕಾಗಿಲ್ಲ, ಹನ್ನೆರಡು ಲಕ್ಷಕ್ಕೂ ಮೀರಿ ಹೊಡೆದಿದ್ದಾರೆ. ಅದೇ 1918ರಲ್ಲಿ ಮುಂಬೈಯಲ್ಲಿ 15 ರೂಪಾಯಿ ಎಂದೇ ಬರೆದ ಚಿನ್ನದ ನಾಣ್ಯವೂ ಹೊರಟಿತು. ತೂಕ, ಕ್ಯಾರೆಟ್ ಎಲ್ಲ ಸವರನ್‌ನದೇ. ಸಂಗ್ರಾಹಕರು ಇದಕ್ಕೆ ಸವರನ್‌ಗಿಂತ ಹೆಚ್ಚು ಕೊಡುತ್ತಾರೆ, ಆದ್ದರಿಂದ ಜಾರ್ಜನ ತಲೆ ಕಂಡ ತಕ್ಷಣ ಎಲ್ಲವನ್ನೂ ಒಂದೇ ಗುಂಪಿಗೆ ಹಾಕಬೇಡಿ.

ಸವರನ್‌ಗಿಂತ ದೊಡ್ಡದೊಂದು ತಲೆಯೂ ಬರುತ್ತದೆ. ಅದು ಮೊಹರು. ಈಸ್ಟ್ ಇಂಡಿಯಾ ಕಂಪನಿಯ 1841ರ ಮೊಹರಿನಲ್ಲಿ ಒಂದು ಕಡೆ ವಿಕ್ಟೋರಿಯಾ, ಇನ್ನೊಂದು ಕಡೆ ಸಿಂಹ, ಹಿಂದೆ ತಾಳೆಮರ. ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ಆ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಒಂದು ತೊಲವೇ, ಅದರ ಮೇಲೂ ಅದೇ ರಾಣಿಯ ತಲೆಯೇ. ಹಾಗಾಗಿ ಬೆಳ್ಳಿ ರೂಪಾಯಿಗೆ ಚಿನ್ನದ ನೀರು ಹೊಡೆದು ಸರಕ್ಕೆ ಹಾಕಿದರೆ ತಕ್ಕಡಿ ಅದನ್ನು ಹಿಡಿಯುವುದಿಲ್ಲ, ಹಿಡಿಯುವುದು ಅಳತೆ ಪಟ್ಟಿ. ಚಿನ್ನ ಭಾರದ ಲೋಹವಾದ್ದರಿಂದ ಮೊಹರು 26 ಮಿಲಿಮೀಟರಿಗೇ ಮುಗಿಯುತ್ತದೆ. ಬೆಳ್ಳಿಯದು 30 ದಾಟುತ್ತದೆ. ಈಗಿನ ಹತ್ತು ರೂಪಾಯಿ ನಾಣ್ಯ 27. ತೊಲ ತೂಗುವ ಕಾಸು ಅದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಿದ್ದರೆ ಅನುಮಾನಪಡಿ.

ಸವರನ್‌ಗೂ ನಕಲಿವೆ, ಎರಡು ಬಗೆ. ಒಂದು ನಮ್ಮ ಅಕ್ಕಸಾಲಿಗಳೇ ಅಲಂಕಾರಕ್ಕೆ ಮಾಡಿದ್ದು. ತಲೆ ಇರುತ್ತದೆ, ಸುತ್ತಲಿನ ಇಂಗ್ಲಿಷ್ ಅಕ್ಷರ ಮಾತ್ರ ಓದಿದರೆ ಯಾವ ಮಾತೂ ಆಗುವುದಿಲ್ಲ. ಇನ್ನೊಂದು ಎರಡನೆಯ ಮಹಾಯುದ್ಧದ ನಂತರ ಇಟಲಿ, ಲೆಬನಾನ್ ಕಡೆ ಪೂರ್ತಿ ಚಿನ್ನದಲ್ಲೇ ಹೊಡೆದ ನಕಲು. ಕರಗಿಸುವವನಿಗೆ ಇದರಿಂದ ನಷ್ಟವಿಲ್ಲ, ನಾಣ್ಯವೆಂದು ಹೆಚ್ಚು ಕೊಟ್ಟು ಕೊಂಡವನಿಗೆ ಮಾತ್ರ ನಷ್ಟ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಉಂಟು. ಗ್ರಾಂನ ನೂರನೆಯ ಭಾಗ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ತಕ್ಕಡಿಯ ಮೇಲೆ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಕಾಸನ್ನು ನೂಲಿಗೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಅಪ್ಪಟ ಸವರನ್ ಆದರೆ ತಕ್ಕಡಿ ಸುಮಾರು 0.45 ತೋರಿಸುತ್ತದೆ. ಅಷ್ಟೇ ತೂಕದ ಹಿತ್ತಾಳೆಯಾದರೆ 0.9 ದಾಟುತ್ತದೆ. ಒರೆಗಲ್ಲು ಮೇಲ್ಮೈಯನ್ನಷ್ಟೇ ಹೇಳುತ್ತದೆ. ನೀರು ಒಳಗಿನದನ್ನೂ ಹೇಳುತ್ತದೆ.

ಈಗ ಆ ಗಿಡ್ಡ ಬಿಲ್ಲೆಗೆ ಬರೋಣ. ತೂಕ ಮೂರೂವರೆ ಗ್ರಾಂ ಸುತ್ತಮುತ್ತ, ಅದರಲ್ಲಿ ಕೊಂಡಿಯದೂ ಸೇರಿದೆ. ಒಂದು ಮುಖದಲ್ಲಿ ಜೋಡಿಯಾಗಿ ಕುಳಿತ ಶಿವ ಪಾರ್ವತಿ. ಕೊಂಡಿ ಕೂರಿಸಿದವನು ಬೆಸುಗೆಯ ನಾಲಗೆಯನ್ನು ಸರಿಯಾಗಿ ದೇವರ ತಲೆಯ ಮೇಲೇ ಎಳೆದಿದ್ದ, ಕಿರೀಟ ಮುಚ್ಚಿಹೋಗಿತ್ತು. ಶಿವ ಪಾರ್ವತಿಯರಷ್ಟನ್ನೇ ನೋಡಿ ಯಾರದೆಂದು ಹೇಳುವ ಹಾಗಿಲ್ಲ. ಕೆಳದಿಯ ಸದಾಶಿವ ನಾಯಕರ ಇಕ್ಕೇರಿ ವರಹ ಎಂಬ ಚಿನ್ನದ ನಾಣ್ಯದ ಮೇಲೂ ಇವರೇ, ಹೈದರಾಲಿಯ ವರಹದ ಮೇಲೂ ಇವರೇ, ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಇವರೇ. ಜನ ನಂಬಿ ಒಪ್ಪಿಕೊಂಡ ಮುಖವನ್ನು ಯಾವ ದೊರೆಯೂ ಬದಲಾಯಿಸಲು ಹೋಗಲಿಲ್ಲ, ವ್ಯಾಪಾರ ಬಲ್ಲವರು ಅವರು. ತಿರುಗಿಸಿದರೆ ಗೊತ್ತಾಗುತ್ತದೆ. ಇಕ್ಕೇರಿಯದರಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ, ಒಡೆಯರದರಲ್ಲಿ ಶ್ರೀ ಕೃಷ್ಣರಾಜ. ನಾನು ನೋಡಿದ ಬಿಲ್ಲೆಯ ಬೆನ್ನಿನಲ್ಲಿ ರಾಗಿ ಚೆಲ್ಲಿದಂತೆ ಚುಕ್ಕಿಗಳು, ನಡುವೆ ಒಂದೇ ಒಂದು ಬಾಗಿದ ಪಾರ್ಸಿ ಅಕ್ಷರ. ಹೈದರನ ಹೆಸರಿನ ಮೊದಲಕ್ಷರ ಅದು. ಬಹಾದ್ದೂರಿ ವರಹ. 1779ರಲ್ಲಿ ಕೊನೆಯ ಮದಕರಿ ನಾಯಕನಿಂದ ಚಿತ್ರದುರ್ಗವನ್ನು ಗೆದ್ದುಕೊಂಡ ದೊರೆಯ ನಾಣ್ಯ, ದುರ್ಗದ ಸೀಮೆಯ ಸರದಲ್ಲಿ, ಬಿದ್ದುಹೋದ ಕಾಸಿನ ಜಾಗ ತುಂಬಿಕೊಂಡು ಕೂತಿತ್ತು.

ಬೆಲೆ? ಸರದಲ್ಲಿ ಅದೇ ವಿಶೇಷ, ಆದರೆ ಲಾಟರಿಯೇನೂ ಹೊಡೆದಿರಲಿಲ್ಲ. ಹೈದರನ ವರಹ ಅಪರೂಪದ್ದಲ್ಲ. ಬೆಸುಗೆ ಬಿದ್ದದ್ದಕ್ಕೆ ಸಂಗ್ರಾಹಕ ಇನ್ನೂ ಕಡಿಮೆ ಕೊಡುತ್ತಾನೆ. ಆದರೂ ಚಿನ್ನದ ಬೆಲೆಗಿಂತ ಮೇಲೇ ಹೋಗುತ್ತದೆ. ಅದೇ ಸರದ ಸವರನ್‌ಗಳು, ಕೊಂಡಿ ಹಾಕಿ ತಿಕ್ಕಿ ತೊಳೆದು ಸವೆದವು, ಚಿನ್ನದ ಬೆಲೆಯಿಂದ ಮೇಲೆ ಏಳುವುದು ಕಷ್ಟ.

ವಿಜಯನಗರದ ವರಹ ನಮ್ಮ ಗಡಿ ಊರುಗಳಲ್ಲಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ, ಹಂಪಿ ಎಷ್ಟು ದೂರ? ಇವುಗಳಲ್ಲಿ ಇಸವಿ ಇರುವುದಿಲ್ಲ, ತಲೆಯೂ ಇರುವುದಿಲ್ಲ. ಒಂದು ಕಡೆ ದೇವರು, ಇನ್ನೊಂದು ಕಡೆ ಮೂರು ಸಾಲು ನಾಗರಿ. ಸಾಮಾನ್ಯವಾಗಿ ಶ್ರೀ ಪ್ರತಾಪ ಎಂದು ಶುರುವಾಗಿ ರಾಯರ ಹೆಸರು. ಅಚ್ಯುತರಾಯನದಾದರೆ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಎತ್ತಿ ಹಾರುವ ಗಂಡಭೇರುಂಡ. ಬುಕ್ಕರಾಯನ ಕಾಲದ್ದರಲ್ಲಿ ಹನುಮಂತ. ಕೃಷ್ಣದೇವರಾಯನದರಲ್ಲಿ ಕುಳಿತಿರುವುದು ಬಾಲಕೃಷ್ಣ ಎಂದು ಈಗ ಸಾಮಾನ್ಯವಾಗಿ ಒಪ್ಪುತ್ತಾರೆ. ಹಿಂದಿನವರು ಅದನ್ನು ದುರ್ಗಿ ಎಂದು ತಿಳಿದು ದುರ್ಗಿ ವರಹ ಅನ್ನುತ್ತಿದ್ದರು, ಹಳೆಯ ಪಟ್ಟಿಗಳಲ್ಲಿ ಆ ಹೆಸರು ಈಗಲೂ ಸಿಗುತ್ತದೆ. ಕೃಷ್ಣದೇವರಾಯನ ಹೆಸರು ಕೇಳಿದ ಕೂಡಲೇ ಕೋಟಿ ಎಂದು ಕನಸು ಕಾಣುವವರಿದ್ದಾರೆ. ವಿಜಯನಗರದ ಚಿನ್ನದಲ್ಲಿ ಹೆಚ್ಚಾಗಿ ಸಿಗುವುದೇ ಅವನದು. ದೊರೆ ದೊಡ್ಡವನಾದಷ್ಟೂ ಟಂಕಸಾಲೆ ಹೆಚ್ಚು ಹೊಡೆದಿರುತ್ತದೆ, ಬೆಲೆ ಏರುವುದು ಕಡಿಮೆ ಹೊಡೆದವನದಕ್ಕೆ. ಇವನ್ನೆಲ್ಲ ಬಿಡಿಸಿ ಓದುವುದನ್ನು ಕಲಿಯಬೇಕೆನ್ನುವವರಿಗೆ ಮೈಸೂರಿನ ಎ.ವಿ. ನರಸಿಂಹಮೂರ್ತಿಯವರ ಬರಹಗಳು ದಾರಿ ತೋರಿಸುತ್ತವೆ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಹಣದ ವಿಚಾರದಲ್ಲಿ. ಹಣ ಅಂದರೆ ಇಲ್ಲಿ ದುಡ್ಡಲ್ಲ, ವರಹದ ಹತ್ತರಲ್ಲೊಂದು ಪಾಲಿನ ಆ ಪುಟ್ಟ ಚಿನ್ನದ ನಾಣ್ಯ. ಮೂರು ಗುಲಗಂಜಿ ತೂಕ, ಗ್ರಾಂನ ಮೂರನೆಯ ಒಂದು ಭಾಗದ ಸುಮಾರು, ಬೇಳೆಕಾಳಿನಷ್ಟು. 1638ರಿಂದ 1659ರವರೆಗೆ ಮೈಸೂರು ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಕಂಠೀರಾಯಿ ಹಣದಲ್ಲಿ ಅಷ್ಟು ಸಣ್ಣ ಜಾಗದಲ್ಲೇ ನರಸಿಂಹ ಕೂತಿದ್ದಾನೆ, ಬೆನ್ನಿನಲ್ಲಿ ಶ್ರೀ ಕಂಠೀರವ ಎಂಬ ನಾಗರಿ. ಇಂಥವನ್ನು ಸಾಲಾಗಿ ಬೆಸೆದು ಕೊರಳಿಗೆ ಹಾಕುತ್ತಿದ್ದರು, ಪದಕದ ಅಂಚಿಗೆ ಗೆಜ್ಜೆಯ ಹಾಗೆ ತೂಗಿಬಿಡುತ್ತಿದ್ದರು. ತಕ್ಕಡಿಯಲ್ಲಿ ಇವು ಏನೂ ಅಲ್ಲ, ಆದ್ದರಿಂದ ಮೊದಲು ಕರಗುವುದೂ ಇವೇ. ಚಿನ್ನದ ಬೆಲೆಗೂ ನಾಣ್ಯದ ಬೆಲೆಗೂ ನಡುವಿನ ಅಂತರ ಎಷ್ಟೋ ಸಲ ಇಂಥ ಚೂರುಗಳಲ್ಲೇ ಹೆಚ್ಚು.

ಟಿಪ್ಪುವಿನ ಚಿನ್ನ ಸರಗಳಲ್ಲಿ ಕಡಿಮೆ. ಇದ್ದರೆ ಎರಡೂ ಕಡೆ ಪಾರ್ಸಿ ಬರಹ, ವಿಗ್ರಹ ಇರುವುದಿಲ್ಲ. ಚಿತ್ರದುರ್ಗಕ್ಕೆ ಅವನು ಫರ್ರುಖ್‌ಯಾಬ್ ಹಿಸಾರ್ ಎಂದು ಹೆಸರಿಟ್ಟು ಅಲ್ಲೊಂದು ಟಂಕಸಾಲೆ ನಡೆಸಿದ. ಆ ಹೆಸರಿರುವ, ಆನೆ ಅಚ್ಚಿನ ತಾಮ್ರದ ಕಾಸು ಹೊಲಗಳಲ್ಲಿ ಸಿಕ್ಕರೆ ಮಕ್ಕಳ ಆಟಕ್ಕೆ ಕೊಡಬೇಡಿ.

ಪುತಳಿ ಸರದ ಹೆಸರು ಕೇಳಿರುತ್ತೀರಿ. ಅದರ ಮೂಲ ವೆನಿಸ್ ನಗರದ ಡುಕಾಟ್. ಮೂರೂವರೆ ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಸಂತನ ಮುಂದೆ ಮಂಡಿಯೂರಿದ ದೊರೆ ಒಂದು ಕಡೆ, ನಕ್ಷತ್ರಗಳ ನಡುವೆ ನಿಂತ ಏಸು ಇನ್ನೊಂದು ಕಡೆ. ನಮ್ಮ ಅಕ್ಕಸಾಲಿಗಳ ಕೈಯಲ್ಲಿ ನಕಲಾಗುತ್ತಾ ಆಗುತ್ತಾ ಲ್ಯಾಟಿನ್ ಅಕ್ಷರ ಗೆರೆಗಳಾದವು, ಸಂತನೂ ದೊರೆಯೂ ನಮ್ಮ ದೇವರುಗಳ ಹಾಗೆ ಕಾಣತೊಡಗಿದರು. ಸರದಲ್ಲಿ ಸಿಗುವುದು ಬಹುಪಾಲು ಈ ನಕಲು. ಮೂಲ ಡುಕಾಟ್ ಆದರೆ ಅಕ್ಷರ ಓದಲು ಬರುತ್ತದೆ.

ಪರದೇಶದ ನಾಣ್ಯವನ್ನು ಕೊರಳಿಗೆ ಹಾಕುವ ಈ ಚಾಳಿ ಇಂಗ್ಲಿಷರ ಕಾಲದ್ದೂ ಅಲ್ಲ, ವೆನಿಸಿನವರ ಕಾಲದ್ದೂ ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆದರು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತ ನಿಧಿಯಲ್ಲಿ ರೋಮ್ ಮತ್ತು ಬೈಜಾಂಟಿಯಂನ ಚಿನ್ನವೇ ಇತ್ತು. ದಕ್ಷಿಣ ಭಾರತದಲ್ಲಿ ಸಿಗುವ ಇಂಥ ಚಿನ್ನದ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತು ಇರುವವು ಬೇಕಾದಷ್ಟು. ತೂತು ಅಂದರೆ ಹಾಳು ಎಂದು ವ್ಯಾಪಾರಿ ಮೂಗು ಮುರಿಯಬಹುದು. ಆ ತೂತು ಸಾವಿರದೈನೂರು ವರ್ಷ ಹಿಂದಿನದಾದರೆ ಅದೂ ನಾಣ್ಯದ ಕಥೆಯ ಭಾಗ.

ಇನ್ನು ಲೆಕ್ಕ. ಮೊದಲು ಚಿನ್ನದ ಲೆಕ್ಕ ನೀವೇ ಹಾಕಿಕೊಳ್ಳಿ. ಅರ್ಥವಾಗಲೆಂದು ಹೇಳುತ್ತೇನೆ: 24 ಕ್ಯಾರೆಟ್ಟಿನ ಗ್ರಾಂಗೆ 10,000 ರೂಪಾಯಿ ಎಂದುಕೊಂಡರೆ ಪೂರ್ತಿ ತೂಕದ ಸವರನ್ ಒಳಗಿನ ಚಿನ್ನ 73,200 ರೂಪಾಯಿ. ಅಂದಿನ ದರ ಏನಿದೆಯೋ ಅದನ್ನು 7.32ರಿಂದ ಗುಣಿಸಿ. ಸವೆದಿದ್ದರೆ ತೂಗಿ, ಬಂದ ತೂಕದ ಹನ್ನೆರಡರಲ್ಲಿ ಹನ್ನೊಂದು ಪಾಲು ಹಿಡಿಯಿರಿ. ವರಹ, ಹಣಗಳ ಕ್ಯಾರೆಟ್ ಒಂದೇ ಸಮ ಇರುವುದಿಲ್ಲ, ಪರೀಕ್ಷೆ ಮಾಡಿಸಲೇಬೇಕು. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರದಲ್ಲಿ ನಾಣ್ಯವನ್ನು ಕೊರೆಯದೆ ಗೀಚದೆ ನೋಡಬಹುದು. ಕೊಂಡಿಯ ಮೇಲಲ್ಲ, ಕಾಸಿನ ನಡುವೆ ನೋಡಿ ಎಂದು ಬಾಯಿಬಿಟ್ಟು ಹೇಳಿ. ಸರಪಳಿಯನ್ನೂ ಬೇರೆಯಾಗಿ ನೋಡಿಸಿ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ತಂದ ಚಿನ್ನ ನಿಯಂತ್ರಣದಲ್ಲಿ 14 ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡುವ ಹಾಗಿರಲಿಲ್ಲ, ಕೆಲವು ವರ್ಷ ಅದೇ ನಡೆಯಿತು. ಆಗ ಕಟ್ಟಿಸಿದ ಸರದಲ್ಲಿ ಕಾಸು 22, ಸರಪಳಿ 14 ಇರಬಹುದು. ಎರಡನ್ನೂ ಒಟ್ಟಿಗೆ ಕರಗಿಸಿ ಕಡಿಮೆ ಕ್ಯಾರೆಟ್ ಎಂದು ಬೆಲೆ ಕಟ್ಟಿಸಿಕೊಂಡವರೂ ಇದ್ದಾರು.

ಸಾಲಕ್ಕೆ ಇಡುವಾಗ ಬ್ಯಾಂಕಿನ ಮೌಲ್ಯಮಾಪಕರು ಅರಗು, ದಾರ, ಹರಳು ಕಳೆದು ನಿವ್ವಳ ಚಿನ್ನಕ್ಕಷ್ಟೇ ಬೆಲೆ ಕಟ್ಟುತ್ತಾರೆ. ಅದು ಅವರ ಕೆಲಸ, ತಪ್ಪು ಹೇಳುವ ಹಾಗಿಲ್ಲ. ನಾಣ್ಯದ ಬೆಲೆ ಬೇಕೆಂದರೆ ಬೆಂಗಳೂರು, ಮುಂಬೈಯ ನಾಣ್ಯ ಹರಾಜುಗಳಲ್ಲಿ ಅದೇ ದೊರೆಯ ಅದೇ ಅಚ್ಚು ಈಚೆಗೆ ಎಷ್ಟಕ್ಕೆ ಹೋಗಿದೆ ನೋಡಬೇಕು. ಕೊಂಡಿಯಿದ್ದ ನಾಣ್ಯದ ಬೆಲೆಯನ್ನು ಕೊಂಡಿಯಿದ್ದ ನಾಣ್ಯದ ಜೊತೆಗೇ ಹೋಲಿಸಿ. ಮಾರುವ ಮುಂಚೆ ಹೊಳಪು ಬರಲಿ ಎಂದು ಹುಣಸೆಹಣ್ಣು, ಆಸಿಡ್, ಬ್ರಷ್ಷು ಯಾವುದನ್ನೂ ಮುಟ್ಟಿಸಬೇಡಿ. ಕೊಂಡಿಯನ್ನು ಕೀಳಿಸಲೂ ಬೇಡಿ. ಕಿತ್ತ ಗಾಯ ಕೊಂಡಿಗಿಂತ ಕೆಟ್ಟದಾಗಿ ಕಾಣುತ್ತದೆ.

ಮೋಸದ ವಿಚಾರ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಮನೆ ಪಾಯ ತೆಗೆಯುವಾಗ ಚಿನ್ನದ ನಾಣ್ಯ ಸಿಕ್ಕಿದೆ, ಪೊಲೀಸರ ಭಯ, ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಫೋನು ಬರುತ್ತದೆ. ಮೊದಲು ಕೊಡುವ ಒಂದೆರಡು ನಿಜವಾಗಿ ಚಿನ್ನವೇ ಇರುತ್ತವೆ. ಪರೀಕ್ಷೆ ಮಾಡಿಸಿ ನಂಬಿದ ಮೇಲೆ ಬರುವ ಚೀಲದಲ್ಲಿ ಹಿತ್ತಾಳೆ. ಮಧ್ಯ ಕರ್ನಾಟಕದ ಠಾಣೆಗಳಲ್ಲಿ ಇಂಥ ಪ್ರಕರಣ ಹೊಸದೇನಲ್ಲ. ಇನ್ನೊಂದು, ಅಕ್ಕಿಕಾಳನ್ನು ಎಳೆಯುವ ನಾಣ್ಯ, ರೈಸ್ ಪುಲ್ಲಿಂಗ್. ಅಂಥದ್ದು ಇಲ್ಲ. ಮೂರನೆಯದು, ಒಂದು ಕಡೆ ರಾಮಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ 1818 ಎಂದಿರುವ ಬಿಲ್ಲೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ದೇವರ ಮನೆಯಲ್ಲಿಟ್ಟು ಪೂಜಿಸಿ, ಅಡ್ಡಿಯಿಲ್ಲ. ಲಕ್ಷ ಕೊಟ್ಟು ಕೊಳ್ಳಬೇಡಿ.

ಕಾನೂನಿನ ಎರಡು ಗೆರೆ ನೆನಪಿರಲಿ. ವಂಶದಿಂದ ಬಂದ ಸರ ನಿಮ್ಮದು. ನೆಲದಲ್ಲಿ ಹೂತದ್ದು ಸಿಕ್ಕರೆ ಅದು ಹಾಗಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ದೇಶದ ಹೊರಗೆ ಕಳಿಸುವ ಹಾಗಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ವರಹವನ್ನು ಪಾರ್ಸೆಲ್ ಮಾಡಲು ಹೊರಟವರು ಇದನ್ನು ಗಮನಿಸಬೇಕು.

ಕೊನೆಗೆ ಹಂಚಿಕೆ. ತಾಯಿ ತೀರಿಕೊಂಡ ಮೇಲೆ ಹೆಣ್ಣುಮಕ್ಕಳು ಕಾಸಿನ ಸರ ಬಿಚ್ಚಿ ತಲೆಗೆ ಇಷ್ಟೆಂದು ಎಣಿಸಿಕೊಳ್ಳುವುದು ನಮ್ಮಲ್ಲಿದೆ. ಎಣಿಕೆ ಸಮ ಬಂದರೂ ಒಬ್ಬಳಿಗೆ ಸವರನ್, ಒಬ್ಬಳಿಗೆ ತಗಡು ಬಂದಿರುತ್ತದೆ. ಬಿಚ್ಚುವ ಮೊದಲು ಸರವನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಎಡದಿಂದ ಬಲಕ್ಕೆ ಪ್ರತಿ ಕಾಸಿನ ಎರಡೂ ಮುಖದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆ ಪಟ್ಟಿ ಇರಲಿ. ಬಿಚ್ಚಿದ ಮೇಲೆ ಒಂದೊಂದನ್ನೂ ತೂಗಿ, ಓದಲು ಬಂದ ಹೆಸರು, ಇಸವಿ, ಅಕ್ಷರವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಓದಲು ಬಾರದವನ್ನು ಬೇರೆ ಪೊಟ್ಟಣದಲ್ಲಿಡಿ. ಅವುಗಳ ಫೋಟೊಗಳನ್ನು ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ಮೈಸೂರಿನ ಪುರಾತತ್ವ ಇಲಾಖೆಗೋ ತೋರಿಸಿ ಬಂದ ಮೇಲೆ ಪಾಲು ಮಾಡಿಕೊಳ್ಳಿ.